ಕಬ್ಬಿಣಕ್ಕೊಂದು ಜಂತ್ರಡಿ

ಕಳೆದ ಮಳೆಗಾಲದಲ್ಲಿ ಒಂದೇ ವಾರದೊಳಗೆ ನನ್ನ ಮೊಬೈಲಿಗೆ ಎರಡು ರಕ್ತಪರೀಕ್ಷೆಯ ಚೀಟಿಗಳ ಫೋಟೊ ಬಂದವು. ಒಂದು ಶಿರಸಿ ಕಡೆಯ ಅತ್ತಿಗೆಯದು. ಇನ್ನೊಂದು ಕಾರವಾರದಲ್ಲಿ ನಮ್ಮ ಎದುರುಮನೆಯ ತಾಂಡೇಲ ಮಾಮನದು. ನಲವತ್ತು ವರ್ಷ ದೋಣಿ ನಡೆಸಿದ ಮನುಷ್ಯ, ಈಗ ಸಂಧಿವಾತದಿಂದ ಬೆರಳ ಗೆಣ್ಣುಗಳೆಲ್ಲ ಬಾತು ಜಗಲಿ ಹಿಡಿದಿದ್ದಾರೆ. ನಾನು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿದವನು ಎಂಬ ಒಂದೇ ಕಾರಣಕ್ಕೆ ಇಂಥ ಚೀಟಿಗಳು ನನ್ನ ಕಡೆ ಬರುತ್ತವೆ. ಡಾಕ್ಟರು ಅವಸರದಲ್ಲಿ ಹೇಳಿದ್ದನ್ನು ನಾನು ನಿಧಾನಕ್ಕೆ ಬಿಡಿಸಿ ಹೇಳಬೇಕು.

ಇಬ್ಬರ ಹಿಮೋಗ್ಲೋಬಿನ್ನೂ ಹೆಚ್ಚುಕಡಿಮೆ ಒಂದೇ. ಅತ್ತಿಗೆಗೆ 9.2, ಮಾಮನಿಗೆ 9.4. "ರಕ್ತ ಕಮ್ಮಿ ಇದ್ದಡ, ಬೀಟ್‌ರೂಟ್ ತಿನ್ನವಡ" ಎಂದು ಅತ್ತಿಗೆ ಫೋನಿನಲ್ಲಿ. "ಏನು ಮಾಸ್ತರ್ರೇ, ಮೂರು ತಿಂಗಳು ಕಬ್ಬಿಣದ ಗುಳಿಗೆ ನುಂಗಿದೆ, ಕಾಲು ಪಾಯಿಂಟೂ ಏರಲಿಲ್ಲ" ಎಂದು ಮಾಮ ಜಗಲಿಯಿಂದ. ಅವರ ಗುಳಿಗೆ ಯಾರೂ ಬರೆದುಕೊಟ್ಟದ್ದಲ್ಲ, ಸೊಸೆಯ ಬಸುರಿನಲ್ಲಿ ಉಳಿದದ್ದು.

ಆದರೆ ಚೀಟಿಯ ಕೆಳಗಡೆ ಇನ್ನೊಂದು ಸಾಲಿತ್ತು: ಫೆರಿಟಿನ್. ದೇಹದ ಕಣಜದಲ್ಲಿ ಎಷ್ಟು ಕಬ್ಬಿಣ ದಾಸ್ತಾನಿದೆ ಎಂಬುದರ ಅಂದಾಜು ಅದು. ಅತ್ತಿಗೆಯದು 6. ಮಾಮನದು 310. ಅಂದರೆ ಒಬ್ಬರ ಕಣಜ ಗುಡಿಸಿಟ್ಟಷ್ಟು ಖಾಲಿ. ಇನ್ನೊಬ್ಬರದು ತುಂಬಿದೆ, ಆದರೂ ಅಡುಗೆಮನೆಯಲ್ಲಿ ಅಕ್ಕಿಯಿಲ್ಲ. ಈ ಎರಡನೆಯ ಸ್ಥಿತಿ ಹೇಗೆ ಸಾಧ್ಯ ಎಂದು ಹೇಳಹೊರಟರೆ ದೇಹ ಕಬ್ಬಿಣವನ್ನು ಹೇಗೆ ಕಾಯುತ್ತದೆ ಎಂಬ ಇಡೀ ಕತೆಯನ್ನೇ ಹೇಳಬೇಕಾಗುತ್ತದೆ.

ಕಬ್ಬಿಣದ ಸ್ವಭಾವವನ್ನು ಕಾರವಾರದವರಿಗೆ ಯಾರೂ ಕಲಿಸಬೇಕಾಗಿಲ್ಲ. ದೀಪಾವಳಿಗೆ ಬಣ್ಣ ಬಳಿದ ಕಿಟಕಿಯ ಸರಳು ಮುಂದಿನ ಆಷಾಢಕ್ಕೆ ಹೊಪ್ಪಳೆ ಏಳುತ್ತದೆ. ಗಾಳಿಯ ಆಮ್ಲಜನಕ, ನೀರು, ಉಪ್ಪು ಸೇರಿದರೆ ಕಬ್ಬಿಣ ತನ್ನ ಎಲೆಕ್ಟ್ರಾನನ್ನು ಬಿಟ್ಟುಕೊಡಲು ತಯಾರಾಗಿಯೇ ಇರುತ್ತದೆ. ಕೊಡುತ್ತದೆ, ಸಂದರ್ಭ ಬಂದರೆ ಮರಳಿ ತೆಗೆದುಕೊಳ್ಳುತ್ತದೆ. ಈ ಕೊಡುಕೊಳ್ಳುವ ಗುಣಕ್ಕೆ ಮರುಳಾಗಿಯೇ ಜೀವಿಗಳು ಕಬ್ಬಿಣವನ್ನು ಒಳಗೆ ಕರೆದುಕೊಂಡವು. ಹಿಮೋಗ್ಲೋಬಿನ್ನಿನ ಒಂದೊಂದು ಅಣುವಿನಲ್ಲಿ ನಾಲ್ಕು ಕಬ್ಬಿಣದ ಪರಮಾಣುಗಳಿದ್ದು, ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹಿಡಿದು ಬೆರಳ ತುದಿಯಲ್ಲಿ ಬಿಡುತ್ತವೆ. ಜೀವಕೋಶದೊಳಗೆ ಅನ್ನವನ್ನು ಶಕ್ತಿಯಾಗಿಸುವ ಕೆಲಸದಲ್ಲೂ ಎಲೆಕ್ಟ್ರಾನು ಕೈಯಿಂದ ಕೈಗೆ ದಾಟುವುದು ಬಹುಪಾಲು ಕಬ್ಬಿಣದ ಮೂಲಕವೇ.

ಅದೇ ಗುಣ ಅಪಾಯವೂ ಹೌದು. ಹಿಡಿತವಿಲ್ಲದ ಕಬ್ಬಿಣ ಜೀವಕೋಶದಲ್ಲಿ ಸಹಜವಾಗಿ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡಿನೊಡನೆ ಸೇರಿದರೆ ಸಿಕ್ಕಿದ್ದನ್ನೆಲ್ಲ ಸುಡುವ ಹೈಡ್ರಾಕ್ಸಿಲ್ ಎಂಬ ಕಣ ಹುಟ್ಟುತ್ತದೆ. ಕೋಶದ ಪೊರೆ, ಪ್ರೋಟೀನು, ಡಿಎನ್ಎ, ಯಾವುದನ್ನೂ ಅದು ಬಿಡುವುದಿಲ್ಲ. ಹಾಗಾಗಿ ದೇಹ ಕಬ್ಬಿಣವನ್ನು ಒಂಟಿಯಾಗಿ ಓಡಾಡಲು ಬಿಡುವುದೇ ಇಲ್ಲ. ರಕ್ತದಲ್ಲಿ ಸಾಗುವಾಗ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನಿನ ಮೇಲೆ ಕೂರಿಸುತ್ತದೆ. ಅದರಲ್ಲಿರುವುದು ಎರಡೇ ಸೀಟು. ಆರೋಗ್ಯವಂತರಲ್ಲಿ ಮೂರರಲ್ಲಿ ಎರಡು ಪಾಲು ಸೀಟು ಯಾವಾಗಲೂ ಖಾಲಿ. ಅನಿರೀಕ್ಷಿತವಾಗಿ ಕಬ್ಬಿಣ ಬಂದರೆ ಕೂರಿಸಲು ಜಾಗವಿರಲಿ ಎಂದು ಬಿಟ್ಟ ಹಾಗೆ. ದಾಸ್ತಾನಿಡುವಾಗ ಫೆರಿಟಿನ್ ಎಂಬ ಟೊಳ್ಳು ಗೋಲದೊಳಗೆ ತುಂಬುತ್ತದೆ. ಒಂದು ಗೋಲದಲ್ಲಿ 4,500ರವರೆಗೆ ಪರಮಾಣುಗಳು ಹಿಡಿಯುತ್ತವೆ. ಒಳಗಿರುವುದು ನಿಜಕ್ಕೂ ಒಂದು ಬಗೆಯ ತುಕ್ಕೇ, ಆದರೆ ಮುಚ್ಚಳ ಹಾಕಿಟ್ಟ ತುಕ್ಕು.

ಒಟ್ಟು ಲೆಕ್ಕ ತೆಗೆದರೆ ಇಷ್ಟೆಲ್ಲ ಜತನ ಯಾಕೆಂದು ಅನ್ನಿಸಬಹುದು. ವಯಸ್ಕ ಗಂಡಸಿನ ಮೈಯಲ್ಲಿರುವ ಕಬ್ಬಿಣ ಹೆಚ್ಚೆಂದರೆ 4 ಗ್ರಾಂ, ಒಂದು ರೂಪಾಯಿ ನಾಣ್ಯದ ತೂಕದ ಆಸುಪಾಸು. ಹೆಂಗಸರಲ್ಲಿ ಇನ್ನೂ ಕಡಿಮೆ. ಇದರಲ್ಲಿ ಮೂರರಲ್ಲಿ ಎರಡು ಪಾಲು ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್ನಿನಲ್ಲಿದೆ. ಉಳಿದದ್ದರಲ್ಲಿ ಹೆಚ್ಚಿನದು ಲಿವರಿನ ಕಣಜದಲ್ಲಿ, ಮಿಕ್ಕಿದ್ದು ಸ್ನಾಯುಗಳಲ್ಲಿ ಮತ್ತು ಹಳೆಯ ರಕ್ತಕಣಗಳನ್ನು ನುಂಗುವ ಮ್ಯಾಕ್ರೋಫೇಜ್ ಎಂಬ ಕೋಶಗಳಲ್ಲಿ.

ಸ್ವಾರಸ್ಯವಿರುವುದು ದಿನದ ವಹಿವಾಟಿನಲ್ಲಿ. ಮೂಳೆಯ ಮಜ್ಜೆ ಸೆಕೆಂಡಿಗೆ ಸುಮಾರು 20 ಲಕ್ಷ ಹೊಸ ರಕ್ತಕಣ ತಯಾರಿಸುತ್ತದೆ. ಅದಕ್ಕೆ ದಿನಕ್ಕೆ 20ರಿಂದ 25 ಮಿಲಿಗ್ರಾಂ ಕಬ್ಬಿಣ ಬೇಕು. ಊಟದಿಂದ ಒಳಗೆ ಬರುವುದು ಎಷ್ಟು? ಬರೀ 1ರಿಂದ 2 ಮಿಲಿಗ್ರಾಂ. ಮಿಕ್ಕಿದ್ದೆಲ್ಲ ಹಳೆಯದನ್ನೇ ಕರಗಿಸಿ ಎರಕ ಹೊಯ್ಯುವುದು. ರಕ್ತಕಣದ ಆಯಸ್ಸು 120 ದಿನ. ಮುಪ್ಪಾದ ಕಣಗಳನ್ನು ಗುಲ್ಮದಲ್ಲಿ ಮ್ಯಾಕ್ರೋಫೇಜುಗಳು ನುಂಗಿ, ಹಿಮೋಗ್ಲೋಬಿನ್ನನ್ನು ಒಡೆದು, ಕಬ್ಬಿಣವನ್ನು ಹೆಕ್ಕಿ ಟ್ರಾನ್ಸ್‌ಫೆರಿನ್ನಿನ ಸೀಟಿಗೆ ಹತ್ತಿಸಿ ಮಜ್ಜೆಗೆ ವಾಪಸ್ ಕಳಿಸುತ್ತವೆ. ಯಾವುದೇ ಗಳಿಗೆಯಲ್ಲಿ ರಕ್ತದಲ್ಲಿ ಹೀಗೆ ಪ್ರಯಾಣದಲ್ಲಿರುವುದು ಕೇವಲ 3 ಮಿಲಿಗ್ರಾಂ. ಆ ಮೂರೇ ಮಿಲಿಗ್ರಾಂ ದಿನಕ್ಕೆ ಏಳೆಂಟು ಸಲ ತಿರುಗಿ ತಿರುಗಿ ಇಡೀ ಮಜ್ಜೆಯ ಹೊಟ್ಟೆ ಹೊರೆಯುತ್ತದೆ. ನಮ್ಮ ಜಿಲ್ಲೆಯ ಬೇಲೆಕೇರಿ ಬಂದರಿನಲ್ಲಿ 2010ರಲ್ಲಿ ಜಪ್ತಿ ಮಾಡಿಟ್ಟ ಲಕ್ಷಗಟ್ಟಲೆ ಟನ್ ಅದಿರೇ ಮಾಯವಾಗಿತ್ತು. ಮೈಯೊಳಗಿನ ಕಾರಕೂನರು ಮಿಲಿಗ್ರಾಮಿಗೂ ಜಮಾ-ಖರ್ಚು ಬರೆದಿಡುವವರು.

ಇಷ್ಟು ಕಟ್ಟುನಿಟ್ಟಿಗೆ ಕಾರಣವಿದೆ. ಉಪ್ಪು ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತದೆ, ನೀರು ಹೆಚ್ಚಾದರೂ ಹಾಗೆಯೇ. ಕಬ್ಬಿಣ ಹೆಚ್ಚಾದರೆ ಹೊರಗೆ ಹಾಕುವ ದಾರಿಯೇ ದೇಹಕ್ಕಿಲ್ಲ. ಇಂಗ್ಲೆಂಡಿನ ಮೆಕ್ಯಾನ್ಸ್ ಮತ್ತು ವಿಡೋಸನ್ ಎಂಬಿಬ್ಬರು ಈ ಸಂಗತಿಯನ್ನು 1937ರಲ್ಲೇ ಹೇಳಿದ್ದರು: ಮೈಯಲ್ಲಿ ಎಷ್ಟು ಕಬ್ಬಿಣವಿರಬೇಕು ಎಂಬುದು ತೀರ್ಮಾನವಾಗುವುದು ಒಳಗೆ ಬಿಟ್ಟುಕೊಳ್ಳುವಾಗ, ಹೊರಹಾಕುವಾಗ ಅಲ್ಲ. ಉದುರುವ ಚರ್ಮ, ಕರುಳಿನ ಒಳಗೋಡೆಯಿಂದ ಕಳಚುವ ಕೋಶಗಳು, ಇವುಗಳ ಜೊತೆ ದಿನಕ್ಕೆ ಒಂದು ಮಿಲಿಗ್ರಾಮಿನಷ್ಟು ಸೋರಿಹೋಗುತ್ತದೆ. ಅದು ಸೋರಿಕೆ ಅಷ್ಟೇ, ಬೇಕೆಂದಾಗ ಹೆಚ್ಚಿಸಲು ಬರುವುದಿಲ್ಲ.

ಹೆಂಗಸರ ಲೆಕ್ಕ ಬೇರೆಯಾಗುವುದು ಇಲ್ಲೇ. ಒಂದು ಮಿಲಿಲೀಟರ್ ರಕ್ತ ಹೋದರೆ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಹೋಯಿತು. ತಿಂಗಳ ಮುಟ್ಟಿನಲ್ಲಿ ಸರಾಸರಿ 30-40 ಮಿಲಿಲೀಟರ್ ಎಂದರೂ 15ರಿಂದ 20 ಮಿಲಿಗ್ರಾಂ. ಒಂದು ಬಸುರು-ಬಾಣಂತನ ಮುಗಿಯುವಷ್ಟರಲ್ಲಿ ಒಟ್ಟು ಬೇಕಾಗುವುದು ಹತ್ತಿರ ಹತ್ತಿರ 1,000 ಮಿಲಿಗ್ರಾಂ. ಎಷ್ಟೋ ಹೆಂಗಸರ ಕಣಜದಲ್ಲಿ ಇದರ ಮೂರನೇ ಒಂದು ಪಾಲೂ ಇರುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಭಾರತೀಯ ಹೆಂಗಸರಲ್ಲಿ 100ಕ್ಕೆ 57 ಮಂದಿಗೆ ರಕ್ತಹೀನತೆ. ಕರ್ನಾಟಕದಲ್ಲಿ 48ರ ಹತ್ತಿರ. ಎಲ್ಲವೂ ಕಬ್ಬಿಣದ ಕೊರತೆಯಿಂದಲೇ ಆದದ್ದೇನಲ್ಲ, ಆದರೂ ದೊಡ್ಡ ಪಾಲು ಅದರದ್ದೇ. ಚಿರೆಕಲ್ಲಿನ ಗೋಡೆಯಿಂದ ಹಿಡಿದು ಅಂಗಳದ ಮಣ್ಣಿನವರೆಗೆ ನಾವು ಕೆಂಪು ಎನ್ನುವುದೆಲ್ಲ ಕಬ್ಬಿಣವೇ ಆಗಿರುವ ಊರಿನಲ್ಲಿ ಈ ಮಾತು!

ಈಗ ಒಳಬರುವ ಬಾಗಿಲಿಗೆ ಬರೋಣ. ಅದಿರುವುದು ಜಠರ ಮುಗಿದು ಸಣ್ಣಕರುಳು ಶುರುವಾಗುವ ಗೇಣುದ್ದದ ಭಾಗದಲ್ಲಿ. ಸೊಪ್ಪು, ಕಾಳು, ಅಕ್ಕಿಯ ಕಬ್ಬಿಣ ಹೆಚ್ಚಾಗಿ ತುಕ್ಕಿನ ರೂಪದಲ್ಲಿರುತ್ತದೆ, ಅಂದರೆ ಮೂರು ಎಲೆಕ್ಟ್ರಾನ್ ಕಳೆದುಕೊಂಡ ರೂಪ. ಅದು ನೀರಿನಲ್ಲಿ ಕರಗಲು ಒಲ್ಲದು. ಜಠರದ ಹುಳಿ ಅದನ್ನು ಸ್ವಲ್ಪ ಕರಗಿಸುತ್ತದೆ. ಕರುಳಿನ ಗೋಡೆಯ ಮೇಲಿನ ಒಂದು ಕಿಣ್ವ ಒಂದು ಎಲೆಕ್ಟ್ರಾನ್ ಮರಳಿಸಿ ಒಳಗೆ ಬಿಡಬಹುದಾದ ರೂಪಕ್ಕೆ ತರುತ್ತದೆ. ಆಮೇಲೆ ಡಿಎಂಟಿ-1 ಎಂಬ ಪ್ರೋಟೀನು ಅದನ್ನು ಕೋಶದೊಳಕ್ಕೆ ಎಳೆದುಕೊಳ್ಳುತ್ತದೆ. ಮೀನು-ಮಾಂಸದಲ್ಲಿರುವ ಹೀಮ್ ಕಬ್ಬಿಣಕ್ಕೆ ಈ ತಂಟೆಗಳಿಲ್ಲ, ಬೇರೆ ದಾರಿಯಲ್ಲಿ ಸಲೀಸಾಗಿ ನುಸುಳುತ್ತದೆ.

ಕರುಳಿನ ಕೋಶದೊಳಗೆ ಬಂದ ಮಾತ್ರಕ್ಕೆ ಕಬ್ಬಿಣ ನಮ್ಮದಾಗಲಿಲ್ಲ. ಜಗಲಿಗೆ ಬಂದ ನೆಂಟ ಒಳಕೋಣೆ ಸೇರಿದಂತೆ ಆಗುವುದಿಲ್ಲವಲ್ಲ, ಹಾಗೆ. ಜಗಲಿಯಿಂದ ರಕ್ತಕ್ಕೆ ದಾಟಲು ಇನ್ನೊಂದು ಬಾಗಿಲಿದೆ, ಹೆಸರು ಫೆರೋಪೋರ್ಟಿನ್. ಮನುಷ್ಯನ ಮೈಯಲ್ಲಿ ಜೀವಕೋಶದಿಂದ ಕಬ್ಬಿಣ ಹೊರಬೀಳಲು ತಿಳಿದಿರುವ ಬಾಗಿಲು ಇದೊಂದೇ. ಇದು ಪತ್ತೆಯಾದದ್ದು 2000ನೇ ಇಸವಿಯಲ್ಲಿ, ಮೂರು ತಂಡಗಳ ಕೈಯಲ್ಲಿ ಬೇರೆ ಬೇರೆಯಾಗಿ. ಅದರಲ್ಲೊಂದು ತಂಡಕ್ಕೆ ಸುಳಿವು ಕೊಟ್ಟದ್ದು ರಕ್ತ ಬಿಳಿಚಿಕೊಂಡ ಜೀಬ್ರಾಫಿಶ್ ಎಂಬ ಪುಟ್ಟ ಮೀನು. ಈ ಬಾಗಿಲು ಮುಚ್ಚಿದ್ದರೆ ಕಬ್ಬಿಣ ಕರುಳಿನ ಕೋಶದಲ್ಲೇ ಫೆರಿಟಿನ್ ಆಗಿ ಕೂತಿರುತ್ತದೆ. ಆ ಕೋಶಗಳ ಬಾಳು ಮೂರು ದಿನದಿಂದ ಐದು ದಿನ. ಆಮೇಲೆ ಕಳಚಿ ಕರುಳಿಗೆ ಬೀಳುತ್ತವೆ, ಕಬ್ಬಿಣವೂ ಜೊತೆಗೆ ಮಲದಲ್ಲಿ ಹೋಗುತ್ತದೆ. ಬಂದ ನೆಂಟ ಜಗಲಿಯಲ್ಲೇ ಕೂತು ಎದ್ದುಹೋದ.

ಬಾಗಿಲು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು? ಇಲ್ಲಿ ನನಗೆ ಅಘನಾಶಿನಿ ಅಳಿವೆಯ ಗಜನಿ ನೆನಪಾಗುತ್ತದೆ. ಕುಮಟಾ ತಾಲೂಕಿನ ಮಾಣಿಕಟ್ಟಾ ಕಡೆ ಹೋದವರು ನೋಡಿರುತ್ತೀರಿ: ನದಿಯ ಉಪ್ಪುನೀರಿಗೂ ಗದ್ದೆಗೂ ನಡುವೆ ಒಂದು ಕಟ್ಟೆ, ಕಟ್ಟೆಯಲ್ಲಿ ಹಲಗೆಯ ಬಾಗಿಲು. ಅದಕ್ಕೆ ಜಂತ್ರಡಿ ಎನ್ನುತ್ತಾರೆ. ಮಳೆಗಾಲದಲ್ಲಿ ಕಗ್ಗ ಭತ್ತದ ಕಾಲಕ್ಕೆ ಒಂದು ಕ್ರಮ, ಕೊಯ್ಲು ಮುಗಿದು ಸಿಗಡಿ-ಮೀನಿನ ಕಾಲಕ್ಕೆ ಇನ್ನೊಂದು ಕ್ರಮ. ಭರತ ಇಳಿತ ನೋಡಿಕೊಂಡು ಹಲಗೆ ಎತ್ತುವುದು, ಇಳಿಸುವುದು. ಗದ್ದೆಗೆ ಬರುವ ನೀರನ್ನು ಆಳುವವನು ಸಮುದ್ರವಲ್ಲ, ಹಲಗೆ ಕಾಯುವವನು.

ಫೆರೋಪೋರ್ಟಿನ್ ಎಂಬ ಜಂತ್ರಡಿಯನ್ನು ಕಾಯುವವನು ಲಿವರಿನಲ್ಲಿದ್ದಾನೆ. ಅವನು ಕಳಿಸುವ ಆಳಿನ ಹೆಸರು ಹೆಪ್ಸಿಡಿನ್. 25 ಅಮೈನೋ ಆಮ್ಲಗಳ ಒಂದು ತುಣುಕು, ಪ್ರೋಟೀನ್ ಎನ್ನಲೂ ಚಿಕ್ಕದು. ಇದು ಸಿಕ್ಕಿದ ಕತೆ ತಮಾಷೆಯಾಗಿದೆ, ಯಾಕೆಂದರೆ ಯಾರೂ ಕಬ್ಬಿಣವನ್ನು ಹುಡುಕುತ್ತಿರಲಿಲ್ಲ. 2000ದಲ್ಲಿ ಜರ್ಮನಿಯ ತಂಡ ರಕ್ತದಲ್ಲಿ, 2001ರಲ್ಲಿ ಅಮೆರಿಕದ ತಂಡ ಮೂತ್ರದಲ್ಲಿ, ಬ್ಯಾಕ್ಟೀರಿಯಾ ಕೊಲ್ಲುವ ವಸ್ತುಗಳನ್ನು ಅರಸುತ್ತಿದ್ದಾಗ ಇದು ಎದುರಾಯಿತು. ಲಿವರಿನಲ್ಲಿ ಹುಟ್ಟುತ್ತದೆ, ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ ಎಂಬರ್ಥದಲ್ಲೇ ಹೆಪ್ಸಿಡಿನ್ ಎಂದು ಕರೆದರು. ಅದೇ 2001ರಲ್ಲಿ ಪ್ಯಾರಿಸ್ಸಿನ ಸಂಶೋಧಕರು ಬೇರಾವುದೋ ಜೀನ್ ಕೆಡಿಸಿದ ಇಲಿಗಳಲ್ಲಿ ಲಿವರು ಕಬ್ಬಿಣದಿಂದ ತುಂಬಿಹೋದದ್ದು ಕಂಡು ಕಾರಣ ಹುಡುಕಿದರೆ, ಆ ಇಲಿಗಳಲ್ಲಿ ಹೆಪ್ಸಿಡಿನ್ನೇ ಇರಲಿಲ್ಲ. 2004ರಲ್ಲಿ ಎಲಿಜಬೆತ್ ನೆಮೆತ್, ಥಾಮಸ್ ಗಾಂಜ್ ಮತ್ತು ಸಂಗಡಿಗರು ಕೊಂಡಿ ಕೂಡಿಸಿದರು: ಹೆಪ್ಸಿಡಿನ್ ನೇರವಾಗಿ ಫೆರೋಪೋರ್ಟಿನ್ನಿಗೇ ಹೋಗಿ ಅಂಟಿಕೊಳ್ಳುತ್ತದೆ. ಅಂಟಿಕೊಂಡ ಬಾಗಿಲನ್ನು ಕೋಶ ಒಳಕ್ಕೆಳೆದು ಪುಡಿಮಾಡುತ್ತದೆ. ಹಲಗೆ ಇಳಿಸುವುದಲ್ಲ, ಬಾಗಿಲನ್ನೇ ಕಿತ್ತು ಗೋಡೆ ಕಟ್ಟಿದ ಹಾಗೆ. ಮತ್ತೆ ತೆರೆಯಬೇಕೆಂದರೆ ಹೊಸ ಬಾಗಿಲು ಮಾಡಬೇಕು.

ಇಲ್ಲೊಂದು ಸೂಕ್ಷ್ಮವಿದೆ, ತಾಂಡೇಲ ಮಾಮನ ಒಗಟು ಬಿಡಿಸುವುದೂ ಇದೇ. ಫೆರೋಪೋರ್ಟಿನ್ ಇರುವುದು ಕರುಳಿನಲ್ಲಿ ಮಾತ್ರವಲ್ಲ. ಹಳೆಯ ರಕ್ತಕಣ ಒಡೆಯುವ ಮ್ಯಾಕ್ರೋಫೇಜುಗಳ ಮೈಮೇಲೂ, ಕಣಜವಾದ ಲಿವರಿನ ಕೋಶಗಳ ಮೇಲೂ ಅದೇ ಬಾಗಿಲು. ಹಾಗಾಗಿ ಹೆಪ್ಸಿಡಿನ್ ಏರಿದರೆ ಊಟದ ಕಬ್ಬಿಣವೂ ಬರುವುದಿಲ್ಲ, ಗುಜರಿಯಿಂದ ಬರಬೇಕಾದ 20-25 ಮಿಲಿಗ್ರಾಮೂ ಅಲ್ಲೇ ನಿಲ್ಲುತ್ತದೆ, ಕಣಜಕ್ಕೂ ಬೀಗ. ಕೆಲವೇ ಗಂಟೆಗಳಲ್ಲಿ ರಕ್ತದ ಕಬ್ಬಿಣ ಇಳಿಯುತ್ತದೆ.

ಲಿವರು ಯಾರ ಮಾತು ಕೇಳಿ ಹೆಪ್ಸಿಡಿನ್ ಕಳಿಸುತ್ತದೆ? ಮೊದಲನೆಯದು ಕಣಜದ ಮಾತು. ದಾಸ್ತಾನು ತುಂಬಿದಂತೆ ಲಿವರಿನ ರಕ್ತನಾಳದ ಗೋಡೆಗಳಿಂದ ಬಿಎಂಪಿ-6 ಎಂಬ ಸಂಕೇತ ಹೊರಟು ಹೆಪ್ಸಿಡಿನ್ ಹೆಚ್ಚುತ್ತದೆ, ಖಾಲಿಯಾದರೆ ಕಡಿಮೆಯಾಗುತ್ತದೆ. ಇದು ದಿನನಿತ್ಯದ ಆಡಳಿತ. ಎರಡನೆಯದು ಮಜ್ಜೆಯ ಮಾತು. ರಕ್ತಸ್ರಾವವಾಗಿ ಹೊಸ ಕಣಗಳ ತಯಾರಿ ಜೋರಾದಾಗ, ಎಳೆಯ ರಕ್ತಕಣಗಳು ಎರಿತ್ರೋಫೆರೋನ್ ಎಂಬ ಹಾರ್ಮೋನ್ ಕಳಿಸಿ "ಬಾಗಿಲು ತೆಗೆ, ಇಲ್ಲಿ ಸಾಮಾನಿಲ್ಲ" ಎಂದು ಕೂಗುತ್ತವೆ. ಇದು ತಿಳಿದದ್ದು 2014ರಲ್ಲಿ, ತೀರ ಈಚೆಗೆ. ಬಸುರಿಯರಲ್ಲಿ ನಾಲ್ಕನೆಯ ತಿಂಗಳಾದ ಮೇಲೆ ಹೆಪ್ಸಿಡಿನ್ ಬಹಳ ಇಳಿದು, ಕರುಳು ಮೊದಲಿಗಿಂತ ಎಷ್ಟೋ ಪಟ್ಟು ಹೆಚ್ಚು ಕಬ್ಬಿಣ ಹೀರುತ್ತದೆ.

ಮೂರನೆಯದು ಜ್ವರದ ಮಾತು. ಇದು ಬಂದರೆ ಉಳಿದವರ ಮಾತು ನಡೆಯುವುದಿಲ್ಲ.

ಸೋಂಕು ತಗಲಿದಾಗ ರೋಗನಿರೋಧಕ ಕೋಶಗಳು ಇಂಟರ್‌ಲ್ಯೂಕಿನ್-6 ಎಂಬ ಎಚ್ಚರಿಕೆಯ ಗಂಟೆ ಬಾರಿಸುತ್ತವೆ. ಅದನ್ನು ಕೇಳಿದ ಲಿವರು ಕಣಜ ಖಾಲಿಯೋ ತುಂಬಿದೆಯೋ ನೋಡದೆ ಹೆಪ್ಸಿಡಿನ್ ಸುರಿಯುತ್ತದೆ. ಕಾರಣ ಸರಳ: ಬ್ಯಾಕ್ಟೀರಿಯಾಗಳಿಗೂ ಬದುಕಲು ಕಬ್ಬಿಣ ಬೇಕು, ನಮ್ಮ ರಕ್ತವಲ್ಲದೆ ಅವಕ್ಕೆ ಬೇರೆ ಅಂಗಡಿಯಿಲ್ಲ. ಮಳೆಗಾಲದಲ್ಲಿ ಗದ್ದೆಯ ನೀರಿನಿಂದ ಬರುವ ಇಲಿಜ್ವರದ ಲೆಪ್ಟೋಸ್ಪೈರಾ ಕೂಡ ಕಬ್ಬಿಣಕ್ಕೆ ಬಾಯಿಬಿಡುವ ಜೀವಿಯೇ. ಕಳ್ಳ ಹೊಕ್ಕಾಗ ಕಣಜಕ್ಕೆ ಬೀಗ ಜಡಿಯುವುದು ಯಾರಿಗಾದರೂ ಹೊಳೆಯುವ ಉಪಾಯ.

ಈ ಬೀಗದ ಬೆಲೆ ಎಷ್ಟೆಂದು ತಿಳಿಯಲು ಬೆಚ್ಚಗಿನ ಅಳಿವೆ ನೀರಿನ ಒಂದು ಬ್ಯಾಕ್ಟೀರಿಯಾ ನೋಡಿದರೆ ಸಾಕು, ವಿಬ್ರಿಯೋ ವಲ್ನಿಫಿಕಸ್. ಉಪ್ಪು-ಸಿಹಿ ನೀರು ಕೂಡುವಲ್ಲಿ, ಚಿಪ್ಪಿನ ಜೀವಿಗಳಲ್ಲಿ ಇರುತ್ತದೆ. ಆರೋಗ್ಯವಂತರಿಗೆ ಅದು ರಕ್ತಕ್ಕೇರುವುದು ಬಲು ಅಪರೂಪ. ಲಿವರ್ ಕೆಟ್ಟವರಿಗೆ, ಮೈಯಲ್ಲಿ ಕಬ್ಬಿಣ ಅತಿಯಾದವರಿಗೆ ಅದು ರಕ್ತಕ್ಕಿಳಿದರೆ ಅರ್ಧದಷ್ಟು ಮಂದಿ ಉಳಿಯುವುದಿಲ್ಲ. 2015ರಲ್ಲಿ ನಡೆದ ಪ್ರಯೋಗದಲ್ಲಿ ಹೆಪ್ಸಿಡಿನ್ ಇಲ್ಲದ ಇಲಿಗಳು ಇದಕ್ಕೆ ಬೇಗ ಬಲಿಯಾದವು, ಹೆಪ್ಸಿಡಿನ್ನಿನಂಥದೇ ವಸ್ತು ಚುಚ್ಚಿದವು ಬದುಕಿಕೊಂಡವು. ಚಿಪ್ಪಿಕಲ್ಲನ್ನು ಹಸಿಯಾಗಿ ನುಂಗುವ ಶೋಕಿ ನಮ್ಮಲ್ಲಿಲ್ಲ, ಚೆನ್ನಾಗಿ ಬೇಯಿಸಿಯೇ ಸುಕ್ಕಾ ಮಾಡುವುದು. ಲಿವರ್ ತೊಂದರೆ ಇರುವವರು ಪ್ರವಾಸಕ್ಕೆ ಹೋದಲ್ಲಿ ಇದನ್ನು ನೆನಪಿಡಬೇಕು. ಕಬ್ಬಿಣವನ್ನು ಕಣ್ಣುಮುಚ್ಚಿ ಹಂಚುವುದೂ ಯಾವಾಗಲೂ ಒಳ್ಳೆಯದಲ್ಲ ಎಂದು ಪಾಠ ಕಲಿಸಿದ್ದು ಜಾಂಜಿಬಾರಿನ ಪೆಂಬಾ ದ್ವೀಪ. ಮಲೇರಿಯಾ ತುಂಬಿದ ಆ ಊರಿನಲ್ಲಿ ಎಳೆಯ ಮಕ್ಕಳಿಗೆ ಕಬ್ಬಿಣ ಮತ್ತು ಫೋಲಿಕ್ ಆಮ್ಲ ಕೊಟ್ಟಾಗ ಆಸ್ಪತ್ರೆ ಸೇರುವವರು, ಸಾಯುವವರು ಹೆಚ್ಚಾದರು ಎಂದು 2006ರಲ್ಲಿ ವರದಿಯಾಯಿತು.

ಹಾಗಾದರೆ ಮಾಮನ ಮೈಯಲ್ಲಿ ಯಾವ ಕಳ್ಳ? ಯಾರೂ ಇಲ್ಲ. ಸಂಧಿವಾತದಲ್ಲಿ ರೋಗನಿರೋಧಕ ಪಡೆ ತನ್ನದೇ ಕೀಲುಗಳ ಮೇಲೆ ಬೀಳುತ್ತದೆ, ಗಂಟೆ ವರ್ಷಗಟ್ಟಲೆ ಬಾರಿಸುತ್ತಲೇ ಇರುತ್ತದೆ. ಲಿವರಿಗೆ ಅದು ಸುಳ್ಳು ಗಂಟೆಯೆಂದು ಗೊತ್ತಾಗುವ ಬಗೆಯಿಲ್ಲ. ಬೀಗ ಹಾಕಿಯೇ ಕೂತಿದೆ. ಒಳಗೆ ಕಬ್ಬಿಣ ಕೊಳೆಯುತ್ತಿದೆ, ಮಜ್ಜೆ ಉಪವಾಸ. ವೈದ್ಯರು ಇದನ್ನು ದೀರ್ಘರೋಗದ ರಕ್ತಹೀನತೆ ಎನ್ನುತ್ತಾರೆ. ನುಂಗಿದ ಗುಳಿಗೆ ಜಗಲಿಯಲ್ಲೇ ಕೂತು ಮೂರು ದಿನಕ್ಕೆ ಎದ್ದುಹೋಗುತ್ತಿತ್ತು, ಮಾಮನಿಗೆ ಸಿಕ್ಕಿದ್ದು ಮಲಬದ್ಧತೆ ಮಾತ್ರ.

ಫೆರಿಟಿನ್ ಅಂಕಿಯ ಬಗ್ಗೆಯೂ ಒಂದು ಎಚ್ಚರ ಬೇಕು. ಉರಿಯೂತವಿದ್ದಾಗ ಕಣಜದ ನಿಜ ಸ್ಥಿತಿ ಏನೇ ಇರಲಿ ಆ ಅಂಕಿ ತಾನಾಗಿ ಏರುತ್ತದೆ. ಜ್ವರದ ವಾರದಲ್ಲಿ ಫೆರಿಟಿನ್ 80 ಬಂತು, ಚಿಂತೆಯಿಲ್ಲ ಎಂದುಕೊಂಡರೆ ಮೋಸಹೋಗಬಹುದು. ಅದಕ್ಕೇ ಉರಿಯೂತ ತೋರಿಸುವ ಸಿಆರ್‌ಪಿ, ಟ್ರಾನ್ಸ್‌ಫೆರಿನ್ನಿನ ಎಷ್ಟು ಸೀಟು ತುಂಬಿದೆ ಎಂಬ ಲೆಕ್ಕ, ಇವನ್ನೂ ಜೊತೆಗಿಟ್ಟು ಓದುವುದು. ತೀರ ಕಡಿಮೆ ಫೆರಿಟಿನ್ ಮಾತ್ರ ಸುಳ್ಳು ಹೇಳುವುದಿಲ್ಲ. ಅತ್ತಿಗೆಯ 6ಕ್ಕೆ ಬೇರೆ ಅರ್ಥವೇ ಇಲ್ಲ.

ಹೆಪ್ಸಿಡಿನ್ ಕಡಿಮೆಯಾದರೂ ಕಷ್ಟವೇ. ಉತ್ತರ ಯುರೋಪಿನವರಲ್ಲಿ ಹೆಚ್ಚಾಗಿ ಕಾಣುವ ಹಿಮೋಕ್ರೊಮಟೋಸಿಸ್ ಎಂಬ ವಂಶವಾಹಿ ತೊಂದರೆಯಲ್ಲಿ ಬಾಗಿಲು ಸದಾ ತೆರೆದೇ ಇರುತ್ತದೆ. ಲಿವರ್, ಹೃದಯ, ಮೇದೋಜೀರಕ ಗ್ರಂಥಿಯಲ್ಲೆಲ್ಲ ಕಬ್ಬಿಣ ತುಂಬುತ್ತದೆ. ಚಿಕಿತ್ಸೆ ಹಳೆಯ ಕಾಲದ್ದು: ಆಗಾಗ ಒಂದು ಬಾಟಲಿ ರಕ್ತ ತೆಗೆಯುವುದು. ಒಂದು ಸಲಕ್ಕೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ಹೊರಹೋಗುತ್ತದೆ. ನಮ್ಮಲ್ಲಿ ಅದು ವಿರಳ, ಥಲಸ್ಸೀಮಿಯಾ ವಿರಳವಲ್ಲ. ಅಲ್ಲಿ ಮಜ್ಜೆ ಕೆಟ್ಟ ರಕ್ತಕಣಗಳನ್ನು ಮಾಡಿ ಮಾಡಿ ಸೋಲುತ್ತ, "ಬಾಗಿಲು ತೆಗೆ" ಎಂದು ಕೂಗುತ್ತಲೇ ಇರುತ್ತದೆ. ಹೀಗಾಗಿ ರಕ್ತಹೀನತೆ ಮತ್ತು ಕಬ್ಬಿಣದ ಅತಿ ಎರಡೂ ಒಂದೇ ಮೈಯಲ್ಲಿ. ಮೇಲೆ ಹಾಕಿಸಿಕೊಳ್ಳುವ ಒಂದೊಂದು ಬಾಟಲಿ ರಕ್ತವೂ ಅಷ್ಟೇ ಕಬ್ಬಿಣ ತರುತ್ತದೆ, ಹೋಗುವ ದಾರಿಯಿಲ್ಲ. ಅದನ್ನು ಕಚ್ಚಿಕೊಂಡು ಹೊರತರುವ ಔಷಧವನ್ನು ಅವರು ಬಾಳಿಡೀ ತೆಗೆದುಕೊಳ್ಳಬೇಕಾಗುತ್ತದೆ.

ಅತ್ತಿಗೆಯ ಕಡೆ ಬರೋಣ. ಅವರ ಅಡುಗೆಮನೆ ನನಗೆ ಚೆನ್ನಾಗಿ ಗೊತ್ತು. ಬೆಳಿಗ್ಗೆ ಕಾವಲಿಯ ಮೇಲೆ ತೆಳ್ಳೇವು, ಜೋನಿಬೆಲ್ಲ, ಹಿಂದೆಯೇ ಲೋಟ ತುಂಬ ಚಾ. ಮಧ್ಯಾಹ್ನ ಅನ್ನ, ತಂಬುಳಿ, ಹರಿವೆಸೊಪ್ಪಿನ ಪಲ್ಯ, ಊಟವಾದ ಕೂಡಲೆ ಒಂದು ಕವಳ. ಕಬ್ಬಿಣದ ಗುಳಿಗೆ ನುಂಗುತ್ತಿದ್ದದ್ದು ಬೆಳಗಿನ ಚಾದ ಜೊತೆಗೇ, ಮರೆತುಹೋಗಬಾರದೆಂದು.

ಚಾ ಮಾಡುವ ಕೆಲಸವೇನೆಂದು ಶಿರಸಿಯವರಿಗೆ ಹೇಳುವುದು ಸುಲಭ. ಹಸಿ ಅಡಿಕೆ ಸುಲಿಯುವ ದಿನಗಳಲ್ಲಿ ಮೆಟ್ಟುಗತ್ತಿ ಹಿಡಿದವರ ಕೈ ಕಪ್ಪಾಗುತ್ತದೆ, ವಾರಗಟ್ಟಲೆ ತೊಳೆದರೂ ಹೋಗುವುದಿಲ್ಲ. ಬಾಳೆಕಾಯಿ ಹೆಚ್ಚಿದ ಕಬ್ಬಿಣದ ಕತ್ತಿಗೂ ಅದೇ ಕಪ್ಪು. ಚೊಗರಿನಲ್ಲಿರುವ ಒಗರು ವಸ್ತು, ಅಂದರೆ ಟ್ಯಾನಿನ್, ಕಬ್ಬಿಣ ಕಂಡರೆ ತಬ್ಬಿಕೊಂಡು ಕರಗದ ಕಪ್ಪು ಮಸಿಯಾಗುತ್ತದೆ. ಹಿಂದೆ ಬರೆಯುವ ಶಾಯಿ ಮಾಡುತ್ತಿದ್ದದ್ದೂ ಈ ಉಪಾಯದಿಂದಲೇ. ಚಾದಲ್ಲಿ ಇರುವುದು ಇದೇ ಜಾತಿಯ ಒಗರು. ಅತ್ತಿಗೆ ದಿನವೂ ಹೊಟ್ಟೆಯೊಳಗೆ ಶಾಯಿ ಕಾಯಿಸುತ್ತಿದ್ದರು. ಕವಳದ ಅಡಿಕೆಯಲ್ಲೂ ಒಗರಿದೆ ಎಂದಾಗ ಅವರು ನನ್ನತ್ತ ನೋಡಿದ ನೋಟ ಬರೆಯುವಂಥದ್ದಲ್ಲ. ಬಿಡಿ ಎನ್ನಲಿಲ್ಲ ನಾನು, ಊಟಕ್ಕೂ ಕವಳಕ್ಕೂ ಚಾಕ್ಕೂ ನಡುವೆ ಒಂದೆರಡು ಗಂಟೆ ಹೊತ್ತು ಬಿಡಿ ಎಂದೆ.

ಒಗರಿಗೆ ಎದುರಾಳಿ ಹುಳಿ. ಲಿಂಬೆ, ಪೇರಲೆ, ನೆಲ್ಲಿಕಾಯಿಯ ವಿಟಮಿನ್ ಸಿ ಕಬ್ಬಿಣಕ್ಕೆ ಎಲೆಕ್ಟ್ರಾನ್ ಕೊಟ್ಟು ಕರಗುವ ರೂಪದಲ್ಲಿ ಹಿಡಿದಿಡುತ್ತದೆ. ಒಂದೇ ತಟ್ಟೆಯಲ್ಲಿದ್ದರೆ ಮಾತ್ರ ಫಲ, ಊಟ ಬೆಳಿಗ್ಗೆ, ಶರಬತ್ತು ಸಂಜೆ ಎಂದರೆ ಆಗದು. ಪಲ್ಯಕ್ಕೆ ಒಲೆಯಿಂದ ಇಳಿಸಿದ ಮೇಲೆ ಲಿಂಬೆ ಹಿಂಡುವುದು ಜಾಣತನ, ವಿಟಮಿನ್ ಸಿ ಬೆಂಕಿಗೆ ಉಳಿಯುವುದಿಲ್ಲ. ಹಿಟ್ಟು ಹುಳಿಬರಿಸಿದಾಗ, ಕಾಳು ಮೊಳಕೆ ಬರಿಸಿದಾಗ ಕಬ್ಬಿಣವನ್ನು ಕಟ್ಟಿಹಾಕುವ ಫೈಟೇಟ್ ಕಡಿಮೆಯಾಗುತ್ತದೆ. ಕಬ್ಬಿಣದ ಬಾಣಲೆಯಲ್ಲಿ ಹುಳಿ ಪದಾರ್ಥ ಕುದಿಸಿದರೆ ಪಾತ್ರೆಯ ಕಬ್ಬಿಣವೂ ಸ್ವಲ್ಪ ಇಳಿಯುತ್ತದೆ. ಇನ್ನು ಬೀಟ್‌ರೂಟಿನ ಕೆಂಪು, ಕೆಂಪು ಹರಿವೆಯ ಕೆಂಪು ಬೆಟಲೇನ್ ಎಂಬ ಬಣ್ಣದ್ದು, ಕಬ್ಬಿಣಕ್ಕೂ ಅದಕ್ಕೂ ಸಂಬಂಧವಿಲ್ಲ. ಹರಿವೆಯಲ್ಲಿ ಕಬ್ಬಿಣವಿದೆ, ಬೀಟ್‌ರೂಟಿನಲ್ಲಿ ಹೇಳಿಕೊಳ್ಳುವಷ್ಟಿಲ್ಲ. ಬಳಚು, ಬಂಗಡೆ ತಿನ್ನುವ ಕರಾವಳಿಯವರಿಗೆ ಹೀಮ್ ಕಬ್ಬಿಣದ ಅನುಕೂಲವಿದೆ. ಹವ್ಯಕರ ಅಡುಗೆಮನೆಗೆ ಆ ಸಲಹೆ ಕೊಡುವ ಧೈರ್ಯ ನನಗಿಲ್ಲ.

ಗುಳಿಗೆಯ ಲೆಕ್ಕವನ್ನು ಹೆಪ್ಸಿಡಿನ್ ತಿಳಿದ ಮೇಲೆ ಹೊಸದಾಗಿ ನೋಡಬೇಕಾಯಿತು. 60 ಮಿಲಿಗ್ರಾಮಿನ ಒಂದು ಗುಳಿಗೆ ನುಂಗಿದರೆ ಲಿವರು ಗಾಬರಿಯಾಗಿ ಹೆಪ್ಸಿಡಿನ್ ಏರಿಸುತ್ತದೆ, ಅದು ಇಳಿಯಲು ಒಂದು ದಿನ ದಾಟಬೇಕು. ಮರುದಿನದ ಗುಳಿಗೆ ಅರ್ಧ ಮುಚ್ಚಿದ ಬಾಗಿಲಿಗೆ ಬಡಿಯುತ್ತದೆ. ಜ್ಯೂರಿಚ್ಚಿನ ತಂಡ 2017ರಲ್ಲಿ ಕಣಜ ಖಾಲಿಯಾದ ಹೆಂಗಸರಲ್ಲಿ ಅಳೆದಾಗ, ದಿನವೂ ನುಂಗಿದವರು ಗುಳಿಗೆಯ ಕಬ್ಬಿಣದಲ್ಲಿ ನೂರಕ್ಕೆ 16 ಪಾಲು ಹೀರಿದ್ದರೆ ದಿನ ಬಿಟ್ಟು ದಿನ ನುಂಗಿದವರು 22 ಪಾಲು ಹೀರಿದ್ದರು. ಹೊಟ್ಟೆಯ ಉಪದ್ರವವಿರುವವರಿಗೆ ಇದು ಡಾಕ್ಟರನ್ನು ಕೇಳಿ ನೋಡಬಹುದಾದ ದಾರಿ. ಬಸುರಿಯರು ಮಾತ್ರ ಲೇಖನ ಓದಿ ಕ್ರಮ ಬದಲಿಸಬಾರದು. ಆಶಾ ಕಾರ್ಯಕರ್ತೆಯರು ಕೊಡುವ ಕೆಂಪು ಗುಳಿಗೆ ದಿನಕ್ಕೊಂದರಂತೆ 180 ದಿನ ಎಂದಿದ್ದರೆ ಅದಕ್ಕೆ ಕಾರಣವಿದೆ, ಅವರ ಬಾಗಿಲು ಹೇಗೂ ತೆರೆದಿರುತ್ತದೆ, ಬೇಕಾದದ್ದೂ ಬೆಟ್ಟದಷ್ಟು.

ಅತ್ತಿಗೆಗೆ ಸೋರಿಕೆ ಎಲ್ಲಿಂದ ಎಂದೂ ಹುಡುಕಬೇಕಿತ್ತು. ಮುಟ್ಟು ಜಾಸ್ತಿಯಿತ್ತು, ಅದಕ್ಕೆ ಬೇರೆ ಚಿಕಿತ್ಸೆಯಾಯಿತು. ಜೊತೆಗೆ ಬರಿಗಾಲಲ್ಲಿ ತೋಟಕ್ಕೆ ಹೋಗುವ ಅಭ್ಯಾಸ. ಕೊಕ್ಕೆಹುಳುವಿನ ಮರಿ ಒದ್ದೆ ಮಣ್ಣಿನಿಂದ ಪಾದದ ಚರ್ಮ ಕೊರೆದು ಒಳಸೇರಿ, ಕೊನೆಗೆ ಕರುಳಿಗೆ ಕಚ್ಚಿಕೊಳ್ಳುತ್ತದೆ. ದೊಡ್ಡ ಜಾತಿಯದಾದರೆ ಒಂದೊಂದು ಹುಳು ದಿನಕ್ಕೆ 0.2 ಮಿಲಿಲೀಟರಿನಷ್ಟು ರಕ್ತ ಕಳೆಯುತ್ತದೆ. ಹತ್ತು ಹುಳುವೆಂದರೆ 2 ಮಿಲಿಲೀಟರ್, ಅಂದರೆ ಒಂದು ಮಿಲಿಗ್ರಾಂ ಕಬ್ಬಿಣ. ಇಡೀ ದಿನದ ಊಟದಿಂದ ಕಷ್ಟಪಟ್ಟು ಗಳಿಸಿದ್ದು ಹುಳುವಿನ ಪಾಲು. ಅಲ್ಬೆಂಡಜೋಲ್ ಗುಳಿಗೆ ಒಂದು, ರಬ್ಬರ್ ಚಪ್ಪಲಿ ಒಂದು ಜೊತೆ ಆಯಿತು.

ಮಾಮನಿಗೆ ಸಂಧಿವಾತದ ಔಷಧ ಸರಿಯಾಗಿ ಶುರುವಾದ ಮೇಲೆ, ಒಂದು ಕಬ್ಬಿಣದ ಗುಳಿಗೆಯನ್ನೂ ನುಂಗದೆ, ನಾಲ್ಕು ತಿಂಗಳಲ್ಲಿ ಹಿಮೋಗ್ಲೋಬಿನ್ 11.6 ಆಯಿತು. "ಇಷ್ಟು ದಿನ ಎಲ್ಲಿ ಅಡಗಿತ್ತು ಮಾಸ್ತರ್ರೇ?" ಎಂದರು. ಒಳಗೇ ಇತ್ತು ಮಾಮ, ಜಂತ್ರಡಿ ಹಾಕಿತ್ತು ಎಂದೆ. ಗಜನಿ ಕಂಡವರು, ಮುಂದೆ ವಿವರಿಸಬೇಕಾಗಲಿಲ್ಲ.

ಅತ್ತಿಗೆಯದು ಮೂರು ತಿಂಗಳಿಗೆ 12.1 ಬಂತು. ಗುಳಿಗೆ ನಿಲ್ಲಿಸಿಬಿಟ್ಟಿದ್ದರು. ಹಿಮೋಗ್ಲೋಬಿನ್ 3 ಗ್ರಾಂ ಏರಬೇಕಾದರೆ ಸುಮಾರು 400 ಮಿಲಿಗ್ರಾಂ ಕಬ್ಬಿಣ ಬೇಕು, ಮೊದಲು ಬಂದದ್ದೆಲ್ಲ ಅಲ್ಲಿಗೇ ಹೋಗುತ್ತದೆ, ಕಣಜಕ್ಕೆ ಬೀಳುವುದು ಆಮೇಲೆ. ಆ ಚೀಟಿಯಲ್ಲಿ ಫೆರಿಟಿನ್ ಇನ್ನೂ 13. ಇನ್ನೂ ಮೂರು ತಿಂಗಳು ನುಂಗಬೇಕು ಎಂದು ಅವರ ಡಾಕ್ಟರೂ ಹೇಳಿದ್ದಾರೆ, ನಾನೂ ಹೇಳಿದ್ದೇನೆ. ಒಪ್ಪಿದ್ದಾರೆ, ಬೆಳಗಿನ ಚಾ ಮಾತ್ರ ಒಂಬತ್ತೂವರೆಗಿಂತ ತಡವಾಗಬಾರದು ಎಂಬ ಕರಾರಿನ ಮೇಲೆ.